ಗೇಮ್ ಶುರುವಾಗಿ ಅರ್ಧ ಗಂಟೆಗೆ ಲ್ಯಾಪ್‌ಟಾಪ್ ತಡವರಿಸುತ್ತೆ: ಡ್ರೈವರ್ ತೊಂದರೆನಾ, ಹಾರ್ಡ್‌ವೇರಾ?

ಮೊದಲ ಇಪ್ಪತ್ತು ನಿಮಿಷ ಚೆನ್ನಾಗಿ ಓಡಿ ಆಮೇಲೆ ತಡವರಿಸಿದರೆ, ಹೆಚ್ಚಾಗಿ ಅದು ಬಿಸಿಯ ಸಮಸ್ಯೆ, ಡ್ರೈವರ್‌ದಲ್ಲ (ಡ್ರೈವರ್ ಅಂದರೆ ವಿಂಡೋಸ್ ಗ್ರಾಫಿಕ್ಸ್ ಚಿಪ್ಪನ್ನು ನಡೆಸಲು ಬಳಸುವ ತಂತ್ರಾಂಶ). ಗ್ರಾಫಿಕ್ಸ್ ಚಿಪ್ ಮಿತಿಮೀರಿ ಕಾದಾಗ ಕೆಟ್ಟುಹೋಗದಿರಲೆಂದು ತಾನೇ ವೇಗ ಇಳಿಸಿಕೊಳ್ಳುತ್ತದೆ. ನಿಮಗೆ ಕಾಣುವ ತಡವರಿಕೆ ಅದೇ. ಮಂಡ್ಯದ ಏಪ್ರಿಲ್ ಸೆಖೆಯಲ್ಲಿ, ಅದೂ ಹಾಸಿಗೆ ಮೇಲಿಟ್ಟುಕೊಂಡು ಆಡಿದರೆ, ಫ್ಯಾನಿಗೆ ತಣ್ಣನೆ ಗಾಳಿ ಎಲ್ಲಿಂದ ಸಿಗಬೇಕು ಹೇಳಿ!

ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಜಿಪಿಯು (ಅಂದರೆ ಗ್ರಾಫಿಕ್ಸ್ ಚಿಪ್) ತಾಪಮಾನ ನೋಡಿ. ಸುಮಾರು 85 ಡಿಗ್ರಿ ಮುಟ್ಟಿದಾಗಲೇ ಆಟ ನಿಧಾನವಾಗುತ್ತಿದ್ದರೆ ಅನುಮಾನವೇ ಬೇಡ. ಮೇಜಿನ ಮೇಲಿಟ್ಟು ಹಿಂಬದಿಯನ್ನು ಒಂದೆರಡು ಇಂಚು ಎತ್ತರಿಸಿ, ಒಳಗಿನ ದೂಳು ತೆಗೆಸಿ. ಹಳೆಯ ಯಂತ್ರವಾದರೆ ಚಿಪ್ ಮೇಲಿನ ಒಣಗಿದ ಥರ್ಮಲ್ ಪೇಸ್ಟನ್ನೂ ಬದಲಾಯಿಸಲು ಹೇಳಿ. ಚಿಪ್‌ನ ಶಾಖವನ್ನು ಹೀಟ್‌ಸಿಂಕಿಗೆ, ಅಂದರೆ ಶಾಖ ಹೊರಹಾಕುವ ಲೋಹದ ಭಾಗಕ್ಕೆ, ದಾಟಿಸುವುದು ಆ ಪೇಸ್ಟೇ.

ಡ್ರೈವರ್ ಹಾಳಾಗಿದ್ದರೆ ಲಕ್ಷಣ ಬೇರೆ. ಅಪ್‌ಡೇಟ್ ಆದಾಗಿನಿಂದ, ತಂಪಾಗಿದ್ದಾಗಲೂ, ಪರದೆ ಕಪ್ಪಾಗುತ್ತಿರುತ್ತದೆ. ಆಗ ಹಿಂದಿನ ಡ್ರೈವರ್‌ಗೆ ಮರಳಲು ಡಿವೈಸ್ ಮ್ಯಾನೇಜರ್‌ನಲ್ಲಿ 'ರೋಲ್ ಬ್ಯಾಕ್ ಡ್ರೈವರ್' ಒತ್ತಿ.

ಇನ್ನು ಬಯೋಸ್ ಪರದೆಯಲ್ಲೇ (ವಿಂಡೋಸ್ ಶುರುವಾಗುವ ಮುಂಚೆ ತೆರೆಯುವ ಸೆಟ್ಟಿಂಗ್ಸ್ ಪರದೆ) ಗೆರೆಗಳು ಕಂಡರೆ ಡ್ರೈವರ್ ತಂಟೆಗೇ ಹೋಗಬೇಡಿ. ಆ ಹೊತ್ತಿಗೆ ವಿಂಡೋಸ್ ಡ್ರೈವರ್ ಇನ್ನೂ ಲೋಡೇ ಆಗಿರುವುದಿಲ್ಲ; ಕೆಟ್ಟಿರುವುದು ಡಿಸ್‌ಪ್ಲೇ, ಅದರ ಕೇಬಲ್ ಅಥವಾ ಚಿಪ್.