ಹುಣಸೆ ಬೀಜ, ಅರಿಶಿನ, ಒಂದು ಹಳೇ ಪಂಚೆ

ಹಾವೇರಿ ಕಡೆಯ ಓದುಗರೊಬ್ಬರ ಪತ್ರ: "ಮಗಳಿಗೆ ಹತ್ತು ವರ್ಷ, ಮಗನಿಗೆ ಆರು. ಮಹಡಿ ಮೇಲಿನ ಬಾಡಿಗೆ ಮನೆ, ಅಂಗಳವಿಲ್ಲ. ಹನ್ನೊಂದರಿಂದ ಐದರವರೆಗೆ ಬಿಸಿಲಿಗೆ ಹೊರಗೆ ಬಿಡುವ ಹಾಗಿಲ್ಲ. ಇಬ್ಬರನ್ನೂ ಬೇಸಿಗೆ ಶಿಬಿರಕ್ಕೆ ಕಳಿಸುವಷ್ಟು ದುಡ್ಡು ಹೊಂದುವುದಿಲ್ಲ. ಮೊಬೈಲ್‌ನಲ್ಲಿ ನೋಡಿ ಏನೇನೋ ಮಾಡಿಸಿದೆ. ಸಾಮಾನಿಗೆ ಮುನ್ನೂರು ರೂಪಾಯಿ ಹೋಯಿತು, ಆಟ ಹತ್ತು ನಿಮಿಷಕ್ಕೆ ಮುಗಿಯಿತು. ಮಗಳು ಎಲ್ಲ ತಾನೇ ಮಾಡಿಬಿಡುತ್ತಾಳೆ, ಮಗ ಅಳುತ್ತಾನೆ. ಖರ್ಚಿಲ್ಲದ ಹತ್ತು ಚಟುವಟಿಕೆ ಪಟ್ಟಿ ಮಾಡಿ ಕೊಡಿ. ಮೊಬೈಲ್ ಪೂರ್ತಿ ಕಿತ್ತಿಟ್ಟುಬಿಡಲೇ?"

ಪ್ರಿಯ ಸೋದರಿ,

ಹತ್ತರ ಪಟ್ಟಿ ಕೊಡುವುದಿಲ್ಲ, ಮೂರನ್ನೇ ಪೂರ್ತಿ ಬರೆಯುತ್ತೇವೆ. ನೀವು ಮಾಡಿಸಿದ್ದು ಹತ್ತು ನಿಮಿಷಕ್ಕೆ ಮುಗಿದದ್ದು ಮಕ್ಕಳಿಗೆ ತಾಳ್ಮೆ ಇಲ್ಲವೆಂದಲ್ಲ. ವಿಡಿಯೊ ನೋಡಿ ಮಾಡುವ ಬಹುಪಾಲು ವಸ್ತುಗಳಲ್ಲಿ ಮಾಡುವುದೇ ಆಟ. ಮಾಡಿ ಮುಗಿದ ಮೇಲೆ ಅದನ್ನಿಟ್ಟುಕೊಂಡು ಆಡಲು ಏನೂ ಉಳಿದಿರುವುದಿಲ್ಲ. ಇವತ್ತು ಮಾಡಿದ್ದನ್ನು ನಾಳೆ, ನಾಡಿದ್ದು ಮತ್ತೆ ಕೈಗೆತ್ತಿಕೊಳ್ಳುವಂತಿರಬೇಕು. ಇಬ್ಬರಿಗೂ ಬೇರೆ ಬೇರೆ ಕೆಲಸ ಇರಬೇಕು, ಮತ್ತು ಒಬ್ಬರ ಕೆಲಸ ಇಲ್ಲದೆ ಇನ್ನೊಬ್ಬರದು ನಡೆಯಬಾರದು. ಕೆಳಗಿನ ಮೂರನ್ನೂ ಈ ಲೆಕ್ಕದಲ್ಲೇ ಆರಿಸಿದ್ದೇವೆ.

ಮೊದಲನೆಯದು ಚೌಕಾಬಾರ. ಆಟ ನಿಮಗೆ ಗೊತ್ತಿದ್ದೇ ಇರುತ್ತದೆ, ಆದರೆ ಮಣೆ ಮತ್ತು ದಾಳ ಎರಡನ್ನೂ ಮಕ್ಕಳ ಕೈಯಲ್ಲೇ ಮಾಡಿಸಿ. ಹಳೇ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ 30 ಸೆಂಟಿಮೀಟರ್ ಚೌಕ ಎಳೆದು, ಪ್ರತಿ 6 ಸೆಂಟಿಮೀಟರ್‌ಗೆ ಗೆರೆ ಹಾಕಿದರೆ ಐದೈದಲಿ ಇಪ್ಪತ್ತೈದು ಮನೆ. ಇದು ಮಗಳ ಕೆಲಸ. ಕಂಪಾಸ್ ಪೆಟ್ಟಿಗೆಯ 15 ಸೆಂಟಿಮೀಟರ್ ಸ್ಕೇಲನ್ನು ಜರುಗಿಸುತ್ತ ಅಳೆದರೆ ಗೆರೆ ವಾರೆಯಾಗುತ್ತದೆ. ಹಾಗಾಗಿ ಎದುರುಬದುರಿನ ಎರಡು ಅಂಚುಗಳಲ್ಲೂ ಚುಕ್ಕಿ ಇಟ್ಟು ಆಮೇಲೆ ಜೋಡಿಸಲಿ. ಚೌಕ ನೆಟ್ಟಗಿದೆಯೇ ಎಂದು ನೋಡಲು ಮೂಲೆಯಿಂದ ಮೂಲೆಗೆ ದಾರ ಹಿಡಿಯಿರಿ. ಎರಡು ಕಡೆಯ ದಾರವೂ ಒಂದೇ ಉದ್ದ ಬಂದರೆ ಸರಿ. ನಾಲ್ಕು ಬದಿಗಳ ನಡುಮನೆ ಮತ್ತು ನಟ್ಟನಡುವಿನ ಮನೆಗೆ ಕತ್ತರಿ ಗುರುತು ಹಾಕಿ. ಇವು ಕಟ್ಟೆಗಳು.

ದಾಳ ಮಾಡುವುದು ಮಗನ ಕೆಲಸ. ಕವಡೆ ಗ್ರಂದಿಗೆ ಅಂಗಡಿಯಲ್ಲಿ ಸಿಗುತ್ತದೆ, ಆದರೆ ತರಬೇಡಿ. ಬೇಸಿಗೆ ಎಂದರೆ ಹುಣಸೆಹಣ್ಣಿನ ಬೀಜ ಬಿಡಿಸುವ ಕಾಲ. ಒಂದೇ ಅಳತೆಯ ದಪ್ಪ ಬೀಜ ಆರು ಆರಿಸಿಕೊಳ್ಳಲಿ. ನಾಲ್ಕು ಆಟಕ್ಕೆ, ಎರಡು ಹೆಚ್ಚಿಗೆ. ಒರಟು ಕಲ್ಲು ಇಲ್ಲವೆ ಸಿಮೆಂಟ್ ಮೆಟ್ಟಿಲಿನ ಮೇಲೆ ಎರಡು ಹನಿ ನೀರು ಹಾಕಿ ಬೀಜದ ಒಂದು ಮುಖ ತೇಯಬೇಕು. ಮೊದಲು ಕಂದು ಸಿಪ್ಪೆಯ ನಡುವೆ ಅಕ್ಕಿಕಾಳಿನಷ್ಟು ಬಿಳಿ ಕಾಣಿಸುತ್ತದೆ. ತೇದ ಹಾಗೆಲ್ಲ ಅದು ಅಗಲವಾಗುತ್ತ ಅಂಚಿನವರೆಗೆ ಹೋಗುತ್ತದೆ. ಮಕ್ಕಳು ಬಿಳಿ ಕಂಡ ಕೂಡಲೇ ನಿಲ್ಲಿಸುತ್ತಾರೆ, ತಪ್ಪಾಗುವುದು ಅಲ್ಲೇ. ಬಿಳಿ ಮುಖ ಮಟ್ಟಸವಾಗಿ ನೆಲಕ್ಕೆ ಕೂರುವವರೆಗೂ ತೇಯಬೇಕು, ಇಲ್ಲದಿದ್ದರೆ ಬೀಜ ಉರುಳಿ ಉರುಳಿ ಯಾವಾಗಲೂ ಒಂದೇ ಮಗ್ಗುಲಿಗೆ ನಿಲ್ಲುತ್ತದೆ. ಪ್ರತಿ ಬೀಜವನ್ನೂ ಇಪ್ಪತ್ತು ಸಲ ಎಸೆದು ಬರೆದುಕೊಳ್ಳಲಿ. ಒಂದೇ ಮುಖ ಹದಿನಾಲ್ಕಕ್ಕಿಂತ ಹೆಚ್ಚು ಸಲ ಬಿದ್ದರೆ ಮತ್ತೆ ತೇಯಬೇಕು, ಆಗಲೂ ಸರಿಹೋಗದಿದ್ದರೆ ಹೆಚ್ಚಿಗೆ ಇಟ್ಟುಕೊಂಡದ್ದನ್ನು ತೆಗೆದುಕೊಳ್ಳಿ. ಇಷ್ಟಕ್ಕೇ ಒಂದು ಮಧ್ಯಾಹ್ನ ಕಳೆಯುತ್ತದೆ. ಆರು ವರ್ಷದ ಕೈಗೆ ಇದಕ್ಕಿಂತ ಒಳ್ಳೆಯ ಕೆಲಸ ನಮಗೆ ತೋಚುವುದಿಲ್ಲ.

ನಿಯಮ ಮನೆಯಿಂದ ಮನೆಗೆ ಬೇರೆ. ನಿಮ್ಮ ಮನೆಯಲ್ಲಿ ಆಡುವ ಪದ್ಧತಿ ಇದ್ದರೆ ಅದೇ ಇರಲಿ, ಮರೆತಿದ್ದರೆ ಇದು ಸಾಕು: ಬಿಳಿ ಮೇಲೆ ಬಿದ್ದಷ್ಟು ಲೆಕ್ಕ, ನಾಲ್ಕೂ ಬಿಳಿಯಾದರೆ ನಾಲ್ಕು, ಒಂದೂ ಬಿಳಿ ಇಲ್ಲದಿದ್ದರೆ ಎಂಟು. ನಾಲ್ಕು, ಎಂಟು ಬಿದ್ದವರಿಗೆ ಇನ್ನೊಂದು ಎಸೆತ. ತಮ್ಮ ಕಟ್ಟೆಯಿಂದ ಹೊರಟ ಕಾಯಿ ಹೊರಸುತ್ತನ್ನು ಬಲಕ್ಕೆ ನಡೆಯುತ್ತದೆ. ಕಟ್ಟೆಗೆ ಒಂದು ಮನೆ ಹಿಂದೆ ಬಂದಾಗ ಒಳಸುತ್ತಿಗೆ ಹತ್ತಿ, ಅಲ್ಲಿ ತಿರುವುಮುರುವಾಗಿ ನಡೆದು ನಟ್ಟನಡುವಿನ ಮನೆಯಲ್ಲಿ ಹಣ್ಣಾಗುತ್ತದೆ, ಎಂದರೆ ಅದರ ನಡೆ ಮುಗಿಯುತ್ತದೆ. ಹೊರಗೆ 15, ಒಳಗೆ 8, ಹಣ್ಣಿಗೆ 1, ಒಟ್ಟು 24 ಹೆಜ್ಜೆ. ಎದುರಾಳಿಯ ಕಾಯಿ ಇರುವ ಮನೆಗೆ ನಿಮ್ಮದು ಬಂದರೆ ಅದು ಹೊರಟಲ್ಲಿಗೆ ವಾಪಸ್ಸು. ಕಟ್ಟೆಯಲ್ಲಿದ್ದ ಕಾಯಿಯನ್ನು ಹೊಡೆಯುವ ಹಾಗಿಲ್ಲ. ಹಣ್ಣಾಗಲು ಸರಿಯಾದ ಲೆಕ್ಕವೇ ಬೀಳಬೇಕು.

ಒಂದು ಕಾಯಿ ಹೊಡೆಯದೆ ಒಳಸುತ್ತಿಗೆ ಹೋಗಬಾರದೆಂಬ ನಿಯಮ ಬಹಳ ಮನೆಗಳಲ್ಲಿದೆ. ಮಗನ ಸಲುವಾಗಿ ಮೊದಲ ವಾರ ಅದನ್ನು ಬಿಟ್ಟುಬಿಡಿ. ಕಾಯಿಯೂ ತಲಾ ಎರಡೇ ಇರಲಿ. ನಾಲ್ಕು ಕಾಯಿ ಎಂದರೆ ಒಬ್ಬೊಬ್ಬರೂ 96 ಹೆಜ್ಜೆ ನಡೆಯಬೇಕು, ಒಂದು ಎಸೆತಕ್ಕೆ ಸರಾಸರಿ ಸಿಗುವುದು ಎರಡೂವರೆ. ಸೋಲುತ್ತಿರುವ ಚಿಕ್ಕವನಿಗೆ ಅದು ಮುಗಿಯದ ದಾರಿ. ಅಳು ಹುಟ್ಟುವುದು ಸೋಲಿಗಿಂತ ಹೆಚ್ಚಾಗಿ ಈ ಉದ್ದಕ್ಕೆ.

ಮಗಳಿಗೆ ಒಂದು ಪ್ರಶ್ನೆ ಕೊಡಿ: ನೂರು ಸಲ ಎಸೆದರೆ ಯಾವ ಲೆಕ್ಕ ಹೆಚ್ಚು ಬೀಳುತ್ತದೆ? ತಮ್ಮ ಎಸೆಯಲಿ, ಅಕ್ಕ ಗೀಟು ಹಾಕಲಿ. ನಾಲ್ಕು ಬೀಜ ಬೀಳುವ ಬಗೆ ಒಟ್ಟು 16. ಅದರಲ್ಲಿ ಎರಡು ಬರುವುದು 6 ಬಗೆಯಲ್ಲಿ, ಒಂದು ಮತ್ತು ಮೂರು ತಲಾ 4, ನಾಲ್ಕು ಮತ್ತು ಎಂಟು ತಲಾ 1. ಬೀಜಗಳು ಚೆನ್ನಾಗಿ ತೇದಿದ್ದರೆ ನೂರರಲ್ಲಿ ಮೂವತ್ತೇಳರ ಆಸುಪಾಸು ಎರಡೇ ಬೀಳುತ್ತದೆ. ಹಾಗಾಗಿ ಎದುರಾಳಿಯ ಕಾಯಿಗೆ ಸರಿಯಾಗಿ ಎರಡು ಮನೆ ಮುಂದೆ ನಿಲ್ಲುವುದು ಎಲ್ಲಕ್ಕಿಂತ ಅಪಾಯ. ಇದು ತಾನಾಗಿ ಹೊಳೆದ ದಿನ ಅವಳ ಆಟವೇ ಬದಲಾಗುತ್ತದೆ.

ಎರಡನೆಯದು ಅರಿಶಿನ. ಅರಿಶಿನ ಬಿದ್ದ ಅಂಗಿಗೆ ಸೋಪು ಹಚ್ಚಿದರೆ ಕೆಂಪಾಗುವುದನ್ನು ನೀವು ನೂರು ಸಲ ನೋಡಿದ್ದೀರಿ. ಆರತಿಯ ಓಕುಳಿ ಕೆಂಪಾಗುವುದೂ ಇದೇ ಕಾರಣಕ್ಕೆ: ಸುಣ್ಣ ಕ್ಷಾರ, ಅರಿಶಿನದ ಬಣ್ಣ ಕ್ಷಾರದಲ್ಲಿ ಕೆಂಪು, ಹುಳಿಯಲ್ಲಿ ಹಳದಿ. ಒಂದು ಚಮಚ ಅರಿಶಿನವನ್ನು ಮೂರು ಚಮಚ ನೀರಿನಲ್ಲಿ ಕಲಸಿ, ಬಿಳಿ ಹಾಳೆಗೆ ಬಟ್ಟೆಯ ಉಂಡೆಯಿಂದ ತೆಳ್ಳಗೆ ಬಳಿದು ನೆರಳಲ್ಲಿ ಒಣಗಿಸಿ. ದಪ್ಪಗೆ ಬಳಿದರೆ ಪುಡಿ ಉದುರುತ್ತದೆ. ಬಿಸಿಲಿಗಿಟ್ಟರೆ ಬಣ್ಣ ಮಾಸುತ್ತದೆ. ಮೈಸೋಪಿನ ಬಿಲ್ಲೆಯ ಮೇಲೆ ಒದ್ದೆ ಕುಂಚ ಉಜ್ಜಿ ಹಾಳೆಯ ಮೇಲೆ ಎಳೆದರೆ ಇಟ್ಟಿಗೆಗೆಂಪು ಗೆರೆ ಮೂಡುತ್ತದೆ. ಅದರ ಮೇಲೆ ನಿಂಬೆರಸ ಹಚ್ಚಿದರೆ ಮತ್ತೆ ಹಳದಿ. ಹೀಗೆ ಅಳಿಸಿ ಅಳಿಸಿ ಚಿತ್ರ ಬರೆಯಬಹುದು.

ಮರುದಿನ ಗುಟ್ಟಿನ ಪತ್ರ. ಅಡುಗೆ ಸೋಡಾ ಒಂದು ಚಮಚವನ್ನು ನಾಲ್ಕು ಚಮಚ ನೀರಿನಲ್ಲಿ ಕದಡಿ, ಹತ್ತಿ ಸುತ್ತಿದ ಕಡ್ಡಿಯಿಂದ ಮಗಳು ಬಿಳಿ ಹಾಳೆಯ ಮೇಲೆ ಬರೆದು ಒಣಗಿಸಲಿ. ಏನೂ ಕಾಣುವುದಿಲ್ಲ. ಮಗ ಅರಿಶಿನ ನೀರು ಬಳಿದಾಗ ಅಕ್ಷರ ಕಂದುಗೆಂಪಾಗಿ ಎದ್ದು ಬರುತ್ತದೆ. ಓದಲು ಕಲಿಯುತ್ತಿರುವ ಹುಡುಗನಿಗೆ ಮೂರಕ್ಷರದ ಪದವೇ ಸಾಕು: ಅದರಲ್ಲಿ ಬೆಲ್ಲದ ಚೂರು ಬಚ್ಚಿಟ್ಟ ಜಾಗದ ಹೆಸರಿರಲಿ. ಅಕ್ಷರ ಒಣಗುವ ಮೊದಲೇ ಬಳಿದರೆ ಎಲ್ಲ ಕಲಸಿಹೋಗುತ್ತದೆ, ಆ ಅವಸರವೊಂದನ್ನು ತಡೆಯಿರಿ. ಕೈ ತೊಳೆಯುವ ಕೆಲವು ದ್ರವ ಸೋಪುಗಳಲ್ಲಿ ಕ್ಷಾರ ಇರುವುದಿಲ್ಲ, ಅವು ಅರಿಶಿನವನ್ನು ಕೆಂಪು ಮಾಡುವುದಿಲ್ಲ. ಮನೆಯಲ್ಲಿರುವ ಸೋಪು, ಶಾಂಪೂ, ಮಜ್ಜಿಗೆ, ಹುಣಸೆನೀರು ಎಲ್ಲವನ್ನೂ ಒಂದೊಂದು ಹನಿ ಹಾಕಿ ನೋಡುವುದು ಇನ್ನೊಂದು ದಿನದ ಕೆಲಸ. ವೀಳ್ಯದೆಲೆ ಸುಣ್ಣವನ್ನು ಮಾತ್ರ ಮಕ್ಕಳ ಕೈಗೆ ಕೊಡಬೇಡಿ. ಕಣ್ಣಿಗೆ ತಾಗಿದರೆ ದೊಡ್ಡ ಅನಾಹುತ. ಬಟ್ಟೆಗೆ ಕಲೆಯಾದರೆ ಒಗೆದು ಬಿಸಿಲಿಗೆ ಹಾಕಿ, ಬಿಸಿಲೇ ಅದನ್ನು ಬಿಡಿಸುತ್ತದೆ.

ಮೂರನೆಯದು ದೊಡ್ಡ ಕೆಲಸ, ನಾಲ್ಕು ದಿನ ಹಿಡಿಯುತ್ತದೆ: ತೊಗಲುಗೊಂಬೆ, ತೊಗಲಿಲ್ಲದೆ. ಕೊಪ್ಪಳ ಜಿಲ್ಲೆಯ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಈ ಕಲೆಗಾಗಿಯೇ 2025ರಲ್ಲಿ ಪದ್ಮಶ್ರೀ ಬಂದಿದ್ದು ನಿಮಗೆ ನೆನಪಿರಬಹುದು. ಅವರ ಗೊಂಬೆಯಲ್ಲಿ ಬಣ್ಣ ಪರದೆಯ ಮೇಲೆ ಹೊಳೆಯುವುದು ಹದ ಮಾಡಿದ ಚರ್ಮ ಬೆಳಕನ್ನು ಒಳಗೆ ಬಿಟ್ಟುಕೊಳ್ಳುವುದರಿಂದ. ಮನೆಯಲ್ಲಿ ಎಣ್ಣೆ ಕುಡಿದ ಕಾಗದ ಸುಮಾರಾಗಿ ಅದೇ ಕೆಲಸ ಮಾಡುತ್ತದೆ.

ಇದರಲ್ಲಿ ಕೆಲಸದ ಸರದಿ ತಪ್ಪಿದರೆ ಗೊಂಬೆ ಕೆಡುತ್ತದೆ. ಮೊದಲು ಸಾಮಾನ್ಯ ಬಿಳಿ ಹಾಳೆಯಲ್ಲಿ ಒಂದು ಗೇಣು ಎತ್ತರದ ಚಿತ್ರ, ಮುಖ ಪಕ್ಕಕ್ಕೆ ತಿರುಗಿರಲಿ. ಎದುರು ಮುಖ ಬರೆದರೆ ನೆರಳಿನಲ್ಲಿ ಮೂಗು, ಬಾಯಿ ಏನೂ ತಿಳಿಯುವುದಿಲ್ಲ. ಒಂದು ತೋಳನ್ನು ಬೇರೆಯಾಗಿ ಬರೆಯಿರಿ. ಆಮೇಲೆ ಸ್ಕೆಚ್ ಪೆನ್ನಿನಲ್ಲಿ ಗಾಢವಾಗಿ ಬಣ್ಣ, ಕತ್ತರಿಸುವುದು, ತೋಳನ್ನು ಭುಜಕ್ಕೆ ದಾರದಿಂದ ಪೋಣಿಸಿ ಎರಡೂ ಕಡೆ ಗಂಟು ಹಾಕುವುದು. ಗಂಟು ಬಿಗಿದರೆ ತೋಳು ಆಡುವುದಿಲ್ಲ, ನಡುವೆ ಒಂದು ಭತ್ತದಷ್ಟು ಸಡಿಲ ಬಿಡಿ. ತೆಂಗಿನ ಪೊರಕೆಯ ಕಡ್ಡಿ ಎರಡು, ಒಂದು ಬೆನ್ನಿಗೆ, ಒಂದು ಅಂಗೈಗೆ. ಅವನ್ನು ಸೂಜಿದಾರದಿಂದ ಹೊಲಿದುಬಿಡಿ, ಈ ಹೊಲಿಗೆ ನಿಮ್ಮದೇ ಕೆಲಸ. ಎಣ್ಣೆ ಕಟ್ಟಕಡೆಗೆ: ಅರ್ಧ ಚಮಚ ಕೊಬ್ಬರಿ ಎಣ್ಣೆಯನ್ನು ಹತ್ತಿಯಲ್ಲಿ ತೆಗೆದುಕೊಂಡು ಹಿಂಬದಿಗೆ ಒರೆಸಿ, ಪೇಪರಿನ ನಡುವೆ ಒಂದು ರಾತ್ರಿ ಒತ್ತಿಡಿ. ಎಣ್ಣೆ ಮೊದಲಾದರೆ ಸ್ಕೆಚ್ ಪೆನ್ನು ಹತ್ತುವುದಿಲ್ಲ, ಗೋಂದೂ ಹಿಡಿಯುವುದಿಲ್ಲ, ಟೇಪೂ ನಿಲ್ಲುವುದಿಲ್ಲ. ನೀರಿನ ಬಣ್ಣದ ಸ್ಕೆಚ್ ಪೆನ್ನು ಎಣ್ಣೆಯಲ್ಲಿ ಹರಡದು. ಮೇಣದ ಕ್ರೆಯಾನ್ ಹಾಕಿದ್ದರೆ ಎಣ್ಣೆ ತಾಗಿ ಅದು ಕರಡಿಹೋಗುತ್ತದೆ.

ಪರದೆಗೆ ಹಳೇ ತೆಳು ಪಂಚೆ. ದಪ್ಪ ಬೆಡ್‌ಶೀಟು ಬೆಳಕನ್ನೆಲ್ಲ ನುಂಗುತ್ತದೆ. ಬಾಗಿಲ ಚೌಕಟ್ಟಿಗೆ ದಾರ ಕಟ್ಟಿ ಬಟ್ಟೆ ಕ್ಲಿಪ್ಪಿನಿಂದ ಸಿಕ್ಕಿಸಿ, ಕೆಳಗೆ ಲಟ್ಟಣಿಗೆ ಸುತ್ತಿ ತೂಗುಬಿಟ್ಟರೆ ನೆರಿಗೆ ಇರುವುದಿಲ್ಲ. ಹಿಂದೆ ನಾಲ್ಕಡಿ ದೂರದಲ್ಲಿ, ಕುರ್ಚಿಯ ಮೇಲೆ ಒಂದೇ ಒಂದು ದೀಪ. ಟ್ಯೂಬ್‌ಲೈಟ್ ಉದ್ದಕ್ಕೆ ಹರಡಿದ ಬೆಳಕು, ಅದರ ನೆರಳು ಮಸಕು. ಮೊಬೈಲ್ ಟಾರ್ಚ್ ಚುಕ್ಕಿಯಂಥ ಬೆಳಕು, ನೆರಳು ಕತ್ತರಿಸಿದಂತೆ ಬೀಳುತ್ತದೆ. ಗೊಂಬೆ ಪಂಚೆಗೆ ತಾಗಿಯೇ ಇರಬೇಕು. ಒಂದು ಗೇಣು ಹಿಂದೆ ಸರಿದರೂ ಬಣ್ಣ ಮಾಯವಾಗಿ ನೆರಳು ಹಿಗ್ಗುತ್ತದೆ. ರಾಕ್ಷಸ ಬರುವಾಗ ಬೇಕೆಂದೇ ಹಾಗೆ ಮಾಡಲು ಮಗನಿಗೆ ಹೇಳಿಕೊಡಿ, ರಾಕ್ಷಸನ ಪಾತ್ರವನ್ನು ಅವನಿಗೇ ಕೊಡಿ. ಕತೆ ಮಗಳು ಬರೆಯಲಿ, ಐದು ನಿಮಿಷಕ್ಕಿಂತ ಉದ್ದ ಬೇಡ. ಕರೆಂಟ್ ಹೋಯಿತೆಂದು ಪರದೆ ಹತ್ತಿರ ಮೇಣದಬತ್ತಿ ಇಡಬೇಡಿ. ಎಣ್ಣೆ ಕಾಗದ, ಹತ್ತಿ ಬಟ್ಟೆ ಎರಡೂ ಕ್ಷಣದಲ್ಲಿ ಹೊತ್ತಿಕೊಳ್ಳುತ್ತವೆ.

ಮೊದಲ ಸಲ ಪ್ರತಿಯೊಂದಕ್ಕೂ ನೀವು ಅರ್ಧ ಗಂಟೆ ಪಕ್ಕದಲ್ಲಿ ಕೂರಬೇಕಾಗುತ್ತದೆ. ಅಡುಗೆಮನೆಯಿಂದಲೇ ಹೇಳಿ ಮಾಡಿಸಿದರೆ ನಡೆಯುವುದಿಲ್ಲ, ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಆ ಅರ್ಧ ಗಂಟೆ ಕೊಟ್ಟರೆ ಎರಡನೆಯ ದಿನದಿಂದ ಅವರೇ ನಡೆಸಿಕೊಳ್ಳುತ್ತಾರೆ. ಮಗಳು ತಮ್ಮನ ಬೀಜ ಕಿತ್ತುಕೊಂಡು ತೇಯಲು ಹೊರಟರೆ ತಡೆಯಿರಿ, ಅವನದು ಸೊಟ್ಟಗಿದ್ದರೂ ಸರಿಯೇ.

ಇನ್ನು ಮೊಬೈಲ್. ಪೂರ್ತಿ ಕಿತ್ತಿಡಬೇಡಿ. ಗೊಂಬೆಯಾಟದ ದೀಪ ಅದೇ ಅಲ್ಲವೇ? ರಾತ್ರಿ ಊಟವಾದ ಮೇಲೆ ಯಜಮಾನರನ್ನೂ ಪಕ್ಕದ ಮನೆಯವರನ್ನೂ ಪಂಚೆಯ ಮುಂದೆ ಕೂರಿಸಿ, ಟಾರ್ಚ್ ಹಾಕುವ ಮೊದಲು ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ರಾಕ್ಷಸ ಬರುವ ಹೊತ್ತಿಗೆ ಸರಿಯಾಗಿ ಯಾರದಾದರೂ ಕರೆ ಬಂದು ಕುರ್ಚಿಯ ಮೇಲೆ ಫೋನು ಅದುರಿದರೆ ಪರದೆಯೆಲ್ಲ ಅಲ್ಲಾಡಿಬಿಡುತ್ತದೆ.

— ಸಂಪಾದಕರು