ವಾರ್ಡಿನಲ್ಲಿ ಜನ ಸಾಲದು, ಆದರೂ ಹುದ್ದೆ ಇಲ್ಲ

ನಿಮ್ಮ ಪ್ರಶ್ನೆ ಓದಿದೆ. ದಾವಣಗೆರೆಯಲ್ಲಿ ಬಿಎಸ್ಸಿ ನರ್ಸಿಂಗ್ ಮುಗಿಸಿ ವರ್ಷವಾಗುತ್ತ ಬಂತು, ಹೋದ ಕಡೆಯೆಲ್ಲ ‘ಎಕ್ಸ್‌ಪೀರಿಯೆನ್ಸ್ ಎಷ್ಟಿದೆ’ ಅಂತಾರೆ, ಫ್ರೆಷರ್ ಅಂದರೆ ಬಸ್ಸಿಗೂ ಪಿಜಿಗೂ ಸಾಲದ ಸಂಬಳ ಹೇಳ್ತಾರೆ. ಈ ನಡುವೆ ಏಜೆಂಟೊಬ್ಬ ಇಂಗ್ಲೆಂಡಿನಲ್ಲಿ ಒಂದು ವರ್ಷ ಎಂಎಸ್ಸಿ ಮಾಡಿದರೆ ಅಲ್ಲಿಯ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಸ್ಟಾಫ್ ನರ್ಸ್ ಕೆಲಸ ಗ್ಯಾರಂಟಿ ಅಂದಿದ್ದಾನೆ. ಅಪ್ಪ ಮನೆ ಪತ್ರ ಬ್ಯಾಂಕಿನಲ್ಲಿಡೋಕೆ ತಯಾರಾಗಿದ್ದಾರೆ. ಆದರೆ ಅಲ್ಲಿ ಓದಿದವರಿಗೇ ಕೆಲಸ ಸಿಗ್ತಿಲ್ಲ ಅನ್ನೋ ಸುದ್ದಿ ನೋಡಿ ನಿಮಗೆ ಗಾಬರಿಯಾಗಿದೆ. ಯಾವುದು ನಿಜ ಅಂತ ಕೇಳಿದ್ದೀರಿ.

ಸುದ್ದಿ ನಿಜ. ಏಜೆಂಟ್ ಹೇಳಿದ್ದು ಸುಳ್ಳು. ಮನೆ ಪತ್ರ ಸದ್ಯಕ್ಕೆ ಬೀರುವಿನಲ್ಲೇ ಇರಲಿ.

ಮೊದಲು ಎಂಎಸ್ಸಿ ವಿಷಯ ಮುಗಿಸಿಬಿಡ್ತೀನಿ, ಯಾಕಂದರೆ ಅದರಲ್ಲೇ ಹೆಚ್ಚು ಹುಡುಗಿಯರು ಮುಳುಗೋದು. ಇಲ್ಲಿ, ಅಂದರೆ ನಾನಿರುವ ಇಂಗ್ಲೆಂಡಿನಲ್ಲಿ, ನರ್ಸ್ ಆಗಿ ಕೆಲಸ ಮಾಡಬೇಕಾದರೆ ಎನ್‌ಎಂಸಿ, ಅಂದರೆ ಇಲ್ಲಿಯ ನರ್ಸಿಂಗ್ ಕೌನ್ಸಿಲ್, ಕೊಡುವ ರಿಜಿಸ್ಟ್ರೇಷನ್ ಬೇಕು. ಅದಕ್ಕೆ ನಾವೆಲ್ಲ ‘ಪಿನ್’ ಅಂತೀವಿ. ಹೊರದೇಶದ ನರ್ಸುಗಳಿಗೆ ಯೂನಿವರ್ಸಿಟಿಗಳು ಮಾರುವ ಒಂದು ವರ್ಷದ ಎಂಎಸ್ಸಿ ನರ್ಸಿಂಗ್, ಅಡ್ವಾನ್ಸ್ಡ್ ಪ್ರಾಕ್ಟೀಸ್, ಇಂಟರ್‌ನ್ಯಾಷನಲ್ ಹೆಲ್ತ್ ಇವುಗಳಲ್ಲಿ ಬಹುತೇಕ ಯಾವುದರಿಂದಲೂ ಪಿನ್ ಬರೋದಿಲ್ಲ. ಕೋರ್ಸ್ ಮುಗಿಸಿದ ಮೇಲೂ ನೀವು ಊರಲ್ಲಿ ಕೂತು ಬರೆಯಬಹುದಾಗಿದ್ದ ಅದೇ ಪರೀಕ್ಷೆಗಳನ್ನೇ ಬರೀಬೇಕು. ಓದುವಾಗ ವಾರಕ್ಕೆ 20 ಗಂಟೆಗಿಂತ ಹೆಚ್ಚು ಕೆಲಸ ಮಾಡುವಂತಿಲ್ಲ. ಮೊದಲು ಕೆಲವರು ಕೇರ್ ಹೋಮಿನ ವೀಸಾ ಹಿಡಿದು ಹೇಗೋ ನಿಲ್ಲುತ್ತಿದ್ದರು, ಹೊರದೇಶದಿಂದ ಕೇರ್ ವರ್ಕರ್ ಆಗಿ ಬರುವ ಆ ದಾರಿಯೂ 2025ರ ಜುಲೈ 22ಕ್ಕೆ ಮುಚ್ಚಿತು.

ಇನ್ನು ಇಲ್ಲೇ ನರ್ಸಿಂಗ್ ಓದಿದ ಮಕ್ಕಳ ಕಥೆ. ನಮ್ಮ ವಾರ್ಡಿನಲ್ಲಿ ಮೂರನೇ ವರ್ಷದ ಕೊನೆಯ ವಾರ್ಡ್ ತರಬೇತಿ, ಅಂದರೆ ಪ್ಲೇಸ್‌ಮೆಂಟ್ ಮಾಡಿದ ಹುಡುಗಿಯೊಬ್ಬಳಿದ್ದಾಳೆ. ಒಳ್ಳೆ ಕೈ. ರಾತ್ರಿ ಪಾಳಿಯಲ್ಲಿ ಕಂಗಾಲಾದ ಡಿಮೆನ್ಷಿಯಾ ಅಜ್ಜನನ್ನ ಮಾತಲ್ಲೇ ಸಮಾಧಾನ ಮಾಡಿ ಮಲಗಿಸಬಲ್ಲವಳು. ಇಲ್ಲಿ ನರ್ಸಿಂಗ್ ಡಿಗ್ರಿ ಮೂರು ವರ್ಷ, ಅದರಲ್ಲಿ 2,300 ಗಂಟೆ ಇಂಥ ತರಬೇತಿಯಲ್ಲಿ ಸಂಬಳವಿಲ್ಲದೆ ದುಡಿಯಬೇಕು, ಮೇಲೆ ಫೀಸಿನ ಸಾಲ. ಅಷ್ಟೆಲ್ಲ ಮುಗಿಸಿ ಪಿನ್ ಕೈಗೆ ಬಂದಾಗ ನಮ್ಮಲ್ಲಿ ಹುದ್ದೆ ಇರಲಿಲ್ಲ. ಈಗ ಅದೇ ವಾರ್ಡಿಗೆ ಬ್ಯಾಂಕ್ ಶಿಫ್ಟಿನಲ್ಲಿ, ಅಂದರೆ ಜನ ಬೇಕಾದಾಗ ಮಾತ್ರ ಕರೆಯುವ ಪಾಳಿಯಲ್ಲಿ, ನರ್ಸಿಗೆ ಕೈಜೋಡಿಸುವ ಹೆಲ್ತ್‌ಕೇರ್ ಅಸಿಸ್ಟೆಂಟ್ ಆಗಿ ಬರ್ತಾಳೆ. ಬೆಳಿಗ್ಗೆ ಡ್ರಗ್ ಟ್ರಾಲಿ ನೂಕಿಕೊಂಡು ನಾನು ಮಾತ್ರೆ ಕೊಡುತ್ತಾ ಹೋಗ್ತೀನಿ, ಅವಳು ಅದೇ ಸಾಲಿನ ರೋಗಿಗಳ ಬಿಪಿ ನೋಡ್ತಾಳೆ, ಹಾಸಿಗೆ ಬದಲಾಯಿಸ್ತಾಳೆ. ಆ ಮಾತ್ರೆ ಕೊಡುವ ಅರ್ಹತೆ ಅವಳಿಗೂ ಇದೆ. ಆ ಯೂನಿಫಾರ್ಮಿನಲ್ಲಿ ಮುಟ್ಟುವಂತಿಲ್ಲ.

ಹಾಗಂತ ವಾರ್ಡಿನಲ್ಲಿ ಜನ ಹೆಚ್ಚಾಗಿದ್ದಾರಾ? ಎಲ್ಲಿಂದ ಬರಬೇಕು! ಪಾಳಿ ಬದಲಾಗುವ ಏಳೂಕಾಲರ ಹ್ಯಾಂಡೋವರ್‌ಗೆ ಹೋದರೆ ಬೋರ್ಡಿನ ಮೇಲೆ ಇವತ್ತು ಎಷ್ಟು ನರ್ಸ್ ಬೇಕು, ಎಷ್ಟು ಇದ್ದಾರೆ ಅಂತ ಬರೆದಿರ್ತಾರೆ, ಎರಡೂ ಸಂಖ್ಯೆ ಒಂದೇ ಇದ್ದ ದಿನ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗ್ತೀವಿ. ಇದೇ ನಿಮಗೆ ಅರ್ಥವಾಗಬೇಕಾದ ಮುಖ್ಯ ವಿಷಯ. ರೋಗಿಗಳಿಗೆ ನರ್ಸುಗಳು ಸಾಲದಿರುವುದು ಬೇರೆ, ಆಸ್ಪತ್ರೆಯ ಬಜೆಟ್ಟಿನಲ್ಲಿ ಆ ನರ್ಸಿನ ಸಂಬಳಕ್ಕೆ ದುಡ್ಡಿರುವುದು ಬೇರೆ. ಪೇಪರಿನಲ್ಲಿ ಬರೋದು ಮೊದಲನೆಯದು. ನಿಮಗೆ ಕೆಲಸ ಕೊಡೋದು ಎರಡನೆಯದು. ಏಜೆಂಟುಗಳು ಮೊದಲನೆಯದನ್ನು ತೋರಿಸಿ ದುಡ್ಡು ವಸೂಲಿ ಮಾಡ್ತಾರೆ.

ಇದು ಹೊಸದೂ ಅಲ್ಲ. ನಾನು 2004ರಲ್ಲಿ ಬಂದವಳು. ಆಗ ನರ್ಸ್ ಅಂದರೆ ಕೆಂಪು ಹಾಸು. 2006ರ ಹೊತ್ತಿಗೆ ಎಷ್ಟೋ ಆಸ್ಪತ್ರೆಗಳು ಸಾಲದಲ್ಲಿ ಬಿದ್ದವು, ಹುದ್ದೆಗಳು ನಿಂತವು, ಆ ವರ್ಷ ಪಾಸಾದ ಇಲ್ಲಿಯ ಮಕ್ಕಳು ಬೀದಿಯಲ್ಲಿ ನಿಂತರು. ಸರ್ಕಾರ ಬ್ಯಾಂಡ್ 5 ನರ್ಸುಗಳನ್ನು (ಸ್ಟಾಫ್ ನರ್ಸಿನ ಆರಂಭದ ದರ್ಜೆ) ಕೊರತೆಯ ಪಟ್ಟಿಯಿಂದಲೇ, ಅಂದರೆ ಹೊರದೇಶದವರನ್ನು ಸುಲಭವಾಗಿ ಕರೆಸಬಹುದಾದ ಕೆಲಸಗಳ ಪಟ್ಟಿಯಿಂದಲೇ, ತೆಗೆದುಹಾಕಿತು. ಸಾಮಾನು ಕಟ್ಟಿಕೊಂಡು ಆಸ್ಟ್ರೇಲಿಯಾಕ್ಕೆ ಹೋದವರನ್ನು ನಾನೇ ಬಲ್ಲೆ. ಆಮೇಲೆ ಕಡಿಮೆ ಜನರಿಗೆ ಟ್ರೈನಿಂಗ್ ಕೊಟ್ಟ ಫಲವಾಗಿ ಮತ್ತೆ ಹಾಹಾಕಾರ ಎದ್ದು, 2015ರ ಅಕ್ಟೋಬರಿನಲ್ಲಿ ನರ್ಸುಗಳು ವಾಪಸು ಪಟ್ಟಿಗೆ ಸೇರಿದರು. 2019ರ ಚುನಾವಣೆಯಲ್ಲಿ ಕನ್ಸರ್ವೇಟಿವ್ ಪಕ್ಷದವರು 50,000 ಹೆಚ್ಚುವರಿ ನರ್ಸುಗಳನ್ನು ತರ್ತೀವಿ ಅಂತ ಮಾತು ಕೊಟ್ಟರು, ಕೋವಿಡ್ ಬಂತು, 2020ರ ಆಗಸ್ಟಿನಲ್ಲಿ ಹೆಲ್ತ್ ಅಂಡ್ ಕೇರ್ ವೀಸಾ ಬಂತು. ಆ ಮೂರು ವರ್ಷ ಕೊಚ್ಚಿಯಿಂದ, ಬೆಂಗಳೂರಿನಿಂದ ವಿಮಾನ ತುಂಬಿ ಬಂದರು. ನಿಮ್ಮ ಸೀನಿಯರುಗಳ ಇನ್‌ಸ್ಟಾಗ್ರಾಂ ಫೋಟೋಗಳೆಲ್ಲ ಆ ಕಾಲದವು. ಅವರು ಸುಳ್ಳು ಹೇಳ್ತಿಲ್ಲ, ಅವರು ಬಂದ ಬಾಗಿಲು ಈಗ ಅಷ್ಟು ತೆರೆದಿಲ್ಲ ಅಷ್ಟೇ. 50,000ದ ಗುರಿ 2023ರಲ್ಲಿ ಮುಟ್ಟಿತು, ಖರ್ಚು ಕಡಿಮೆ ಮಾಡಿ ಅನ್ನೋ ಆದೇಶಗಳು ಶುರುವಾದವು, ಹುದ್ದೆ ಖಾಲಿಯಾದರೆ ಅದನ್ನ ತುಂಬೋಕೂ ಮೇಲಿನವರ ಸಮಿತಿ ಒಪ್ಪಬೇಕು ಅನ್ನುವ ಕಾಲ ಬಂತು.

2025ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಆರೋಗ್ಯ ಮಂತ್ರಿ ವೆಸ್ ಸ್ಟ್ರೀಟಿಂಗ್ ‘ಗ್ರಾಜುಯೇಟ್ ಗ್ಯಾರಂಟಿ’ ಅಂತ ಒಂದು ಯೋಜನೆ ಹೇಳಿದರು. ಹುದ್ದೆ ಖಾಲಿಯಾಗುವ ಮೊದಲೇ ಇಲ್ಲಿ ಹೊಸದಾಗಿ ಪಾಸಾದ ನರ್ಸುಗಳನ್ನು ತೆಗೆದುಕೊಳ್ಳಬಹುದು, ಖಾಲಿ ಇರುವ ಅಸಿಸ್ಟೆಂಟ್ ಜಾಗಗಳನ್ನು ತಾತ್ಕಾಲಿಕವಾಗಿ ಬ್ಯಾಂಡ್ 5 ಮಾಡಬಹುದು ಅಂತ. ಆ ಮಕ್ಕಳಿಗೆ ಒಳ್ಳೆಯದೇ ಆಗಲಿ. ಆದರೆ ಸಾಲಿನಲ್ಲಿ ಮುಂದೆ ಯಾರನ್ನ ನಿಲ್ಲಿಸ್ತಾರೆ ಅನ್ನೋದು ಇದರಲ್ಲೇ ಕಾಣುತ್ತೆ. ನಿಮ್ಮಂಥ ಫ್ರೆಷರ್‌ಗೆ ವೀಸಾ ಸ್ಪಾನ್ಸರ್ ಮಾಡಿ, ಬಾಡಿಗೆ ಕೊಟ್ಟು, ಪರೀಕ್ಷೆಗೆ ತಯಾರು ಮಾಡುವ ಆಸ್ಪತ್ರೆ ಈಗ ಅಪರೂಪ.

ಹಾಗಾದರೆ ದಾರಿ ಮುಚ್ಚೇ ಹೋಯಿತಾ ಅಂದರೆ, ಇಲ್ಲ. ಆಪರೇಷನ್ ಥಿಯೇಟರ್, ಐಸಿಯು, ಡಯಾಲಿಸಿಸ್, ಹೃದಯದ ಕ್ಯಾಥ್ ಲ್ಯಾಬ್, ಮಕ್ಕಳ ಐಸಿಯು, ಇಂಥ ಕಡೆ ಕೈ ಪಳಗಿದವರನ್ನ ಈಗಲೂ ಹುಡುಕ್ತಾರೆ. ಅದಕ್ಕೇ ಹೇಳೋದು, ಎರಡು ಮೂರು ವರ್ಷ ನಮ್ಮ ದೇಶದಲ್ಲೇ ಇಂಥ ಕಡೆ ದುಡೀರಿ. ಸಂಬಳ ಕಡಿಮೆ ಅಂತ ನನಗೆ ಗೊತ್ತು, ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೂ ನಾಲ್ಕು ಸಾವಿರ ಹೆಚ್ಚು ಕೊಡುವ ಸಣ್ಣ ನರ್ಸಿಂಗ್ ಹೋಮಿಗಿಂತ, ಕಡಿಮೆ ಕೊಟ್ಟರೂ ವೆಂಟಿಲೇಟರ್ ಓಡುವ, ದಾಖಲೆ ಸರಿಯಾಗಿ ಬರೆಸುವ, ಗುಣಮಟ್ಟ ನೋಡಿ ಕೊಡುವ ಎನ್‌ಎಬಿಎಚ್ ಮಾನ್ಯತೆಯ ದೊಡ್ಡ ಆಸ್ಪತ್ರೆ ಆರಿಸಿಕೊಳ್ಳಿ. ಮಂಗಳೂರು, ಮಣಿಪಾಲ, ಬೆಂಗಳೂರು, ಹುಬ್ಬಳ್ಳಿ, ಎಲ್ಲಾದರೂ ಸರಿ. ಸೇರುವಾಗ ಒರಿಜಿನಲ್ ಸರ್ಟಿಫಿಕೇಟ್ ಕೇಳಿದರೆ ಕೊಡಬೇಡಿ. ಬಿಟ್ಟು ಬರುವಾಗ ಅವರ ಕಾಲು ಹಿಡಿಯಬೇಕಾಗುತ್ತೆ.

ನಾನು ಇಂಟರ್‌ವ್ಯೂ ಪ್ಯಾನೆಲ್ಲಿನಲ್ಲಿ ಕೂರ್ತೀನಿ, ನಮ್ಮ ಕಡೆಯ ಹುಡುಗಿಯರು ಎಲ್ಲಿ ಎಡವುತ್ತಾರೆ ಅಂತ ನೋಡಿದ್ದೀನಿ. ಒಂದು ಮಾಮೂಲಿ ಪ್ರಶ್ನೆ: ರೋಗಿಯ ನ್ಯೂಸ್ ಸ್ಕೋರ್ (ಉಸಿರು, ನಾಡಿ, ಬಿಪಿ ಎಲ್ಲ ನೋಡಿ ಸ್ಥಿತಿ ಎಷ್ಟು ಹದಗೆಟ್ಟಿದೆ ಅಂತ ಹೇಳುವ ಅಂಕ) 2ರಿಂದ 7ಕ್ಕೆ ಏರಿದೆ, ಏನು ಮಾಡ್ತೀರಿ? ‘ಡಾಕ್ಟರಿಗೆ ಹೇಳ್ತೀನಿ’ ಅಂತ ಹೇಳಿ ಸುಮ್ಮನಾಗ್ತಾರೆ. ಓದಿರೋದು ಕಡಿಮೆ ಅಂತಲ್ಲ, ಊರಲ್ಲಿ ನಮ್ಮನ್ನ ಹಾಗೇ ಬೆಳೆಸಿದ್ದಾರೆ. ಡಾಕ್ಟರು ಬರುವವರೆಗೆ ನೀವೇನು ಮಾಡ್ತೀರಿ ಅನ್ನೋದು ಇಲ್ಲಿ ಬೇಕು. ಉಸಿರಾಟದ ದಾರಿ ನೋಡಿದೆ, ಎತ್ತರಕ್ಕೆ ಕೂರಿಸಿದೆ, ಆಕ್ಸಿಜನ್ ಹಾಕಿದೆ, 7 ಅಂದರೆ ತುರ್ತು ಅಂತ ಗೊತ್ತಿರೋದರಿಂದ ಐಸಿಯು ಪರಿಣತರ ಔಟ್‌ರೀಚ್ ತಂಡವನ್ನ ಕರೆದೆ, ಫೋನಿನಲ್ಲಿ ಹಿನ್ನೆಲೆ, ನನ್ನ ಅಂದಾಜು, ನನಗೆ ಏನು ಬೇಕು ಇಷ್ಟನ್ನೂ ಒಂದು ನಿಮಿಷದಲ್ಲಿ ಹೇಳಿದೆ. ಹೀಗೆ ಬರಬೇಕು ಉತ್ತರ. ಡಾಕ್ಟರು ಬರೆದ ಡೋಸ್ ತಪ್ಪು ಅನ್ನಿಸಿದರೆ ಕೊಡಲ್ಲ ಅಂತ ಹೇಳುವ ಧೈರ್ಯ ಇದೆಯಾ ಅಂತಲೂ ಕೇಳ್ತಾರೆ. ಇದನ್ನು ಈಗಿನಿಂದಲೇ, ಅಲ್ಲಿಯ ವಾರ್ಡಿನಲ್ಲೇ, ಸೀನಿಯರ್ ಸಿಸ್ಟರ್ ಬೈದರೂ ಪರವಾಗಿಲ್ಲ, ಅಭ್ಯಾಸ ಮಾಡಿ.

ಪರೀಕ್ಷೆಗಳ ಲೆಕ್ಕ ಹೇಳ್ತೀನಿ. ಇಂಗ್ಲಿಷಿಗೆ ಐಇಎಲ್‌ಟಿಎಸ್ ಅಥವಾ ಓಇಟಿ. ಐಇಎಲ್‌ಟಿಎಸ್ ಆದರೆ ಬರವಣಿಗೆಯಲ್ಲಿ 6.5, ಉಳಿದ ಮೂರರಲ್ಲಿ 7. ಓಇಟಿ ಆದರೆ ಬರವಣಿಗೆಯಲ್ಲಿ ಸಿ ಪ್ಲಸ್, ಉಳಿದದ್ದರಲ್ಲಿ ಬಿ. ನರ್ಸುಗಳಿಗೆ ಓಇಟಿಯೇ ಹೆಚ್ಚು ಒಗ್ಗುತ್ತೆ, ಪ್ರಶ್ನೆಗಳು ಆಸ್ಪತ್ರೆಯದ್ದೇ ಇರುತ್ತವೆ. ಸಿಬಿಟಿ ಅನ್ನೋ ಕಂಪ್ಯೂಟರ್ ಪರೀಕ್ಷೆಯನ್ನ ಭಾರತದಲ್ಲೇ ಬರೀಬಹುದು. ಕೊನೆಯದು ಓಎಸ್‌ಸಿಇ, ಹತ್ತು ಸ್ಟೇಷನ್ನುಗಳ ಪ್ರಾಕ್ಟಿಕಲ್, ಅದಕ್ಕೆ ಇಲ್ಲಿಗೇ ಬರಬೇಕು, ಪೂರ್ತಿ ಫೀಸು 794 ಪೌಂಡ್. ಆಫರ್ ಕೊಟ್ಟ ಆಸ್ಪತ್ರೆ ಸಾಮಾನ್ಯವಾಗಿ ಅದನ್ನ ಭರಿಸುತ್ತೆ. ಆಫರ್ ಇಲ್ಲದೆ ವಿಸಿಟರ್ ಆಗಿ ಬಂದು ಓಎಸ್‌ಸಿಇ ಬರೆದು ಪಿನ್ ಹಿಡಿದು ಕೆಲಸ ಹುಡುಕ್ತೀನಿ ಅಂತ ಕೆಲವರು ಹೊರಡ್ತಾರೆ, ಈಗಿನ ಪರಿಸ್ಥಿತಿಯಲ್ಲಿ ಅದು ದುಡ್ಡು ಹೊಳೆಗೆ ಹಾಕಿದ ಹಾಗೆ.

ಏಜೆಂಟರ ಬಗ್ಗೆ ಇಷ್ಟೇ. ಇಂಗ್ಲೆಂಡಿನ ನೇಮಕಾತಿ ನಿಯಮದ ಪ್ರಕಾರ ಕೆಲಸ ಕೊಡಿಸಿದ್ದಕ್ಕೆ ನರ್ಸಿನಿಂದ ಒಂದು ಪೈಸೆಯನ್ನೂ ಕೇಳುವಂತಿಲ್ಲ. ಈ ನಿಯಮ ಪಾಲಿಸುವ ಏಜೆನ್ಸಿಗಳ ಪಟ್ಟಿ ಎನ್‌ಎಚ್‌ಎಸ್ ಎಂಪ್ಲಾಯರ್ಸ್ ವೆಬ್‌ಸೈಟಿನಲ್ಲಿದೆ, ಹೆಸರು ತಾಳೆ ನೋಡಿ. ನಮ್ಮ ವಿದೇಶಾಂಗ ಇಲಾಖೆಯ ಇ-ಮೈಗ್ರೇಟ್ ಪೋರ್ಟಲ್‌ನಲ್ಲೂ ಅವನ ಲೈಸೆನ್ಸ್ ನಂಬರ್ ಇರಬೇಕು. ನಿಮ್ಮ ಏಜೆಂಟನನ್ನ ಇವೆರಡು ಕೇಳಿ, ಮರುದಿನ ಫೋನ್ ಎತ್ತೋದೂ ಅನುಮಾನ. ಆಫರ್ ಬಂದರೆ ಒಪ್ಪಂದದಲ್ಲಿ ಬೇಗ ಬಿಟ್ಟರೆ ಅವರು ನಿಮಗಾಗಿ ಮಾಡಿದ ಖರ್ಚಿನಲ್ಲಿ ಎಷ್ಟು ವಾಪಸು ಕಟ್ಟಬೇಕು ಅನ್ನುವ ಸಾಲನ್ನ ಮೊದಲು ಹುಡುಕಿ ಓದಿ. ಕಾಲ ಕಳೆದಂತೆ ಆ ಮೊತ್ತ ಇಳಿಯಬೇಕು, ಹಾಗಿಲ್ಲದಿದ್ದರೆ ಸಹಿ ಹಾಕಬೇಡಿ.

ಇಲ್ಲಿಯ ಬದುಕು ಹೇಗೆ ಅಂತಲೂ ಕೇಳಿದ್ದೀರಿ. 2025-26ರಲ್ಲಿ ಬ್ಯಾಂಡ್ 5 ಆರಂಭದ ಸಂಬಳ ಇಂಗ್ಲೆಂಡಿನಲ್ಲಿ ವರ್ಷಕ್ಕೆ 31,049 ಪೌಂಡ್ ಇತ್ತು. ತೆರಿಗೆ, ಪೆನ್ಷನ್ ಎಲ್ಲ ಹೋಗಿ ತಿಂಗಳಿಗೆ 2,000 ಪೌಂಡ್ ಆಸುಪಾಸು ಕೈಗೆ ಬರುತ್ತೆ. ಹಂಚಿಕೊಂಡ ಮನೆಯಲ್ಲಿ ಒಂದು ಕೋಣೆಯಾದರೆ ಊರಿಗೂ ಕಳಿಸಬಹುದು. ಗಂಡ ಮಕ್ಕಳನ್ನ ಕರೆಸಿ ಇಡೀ ಮನೆ ಹಿಡಿದರೆ ಒಬ್ಬಳ ಸಂಬಳ ಸಾಲದು. ಲಾಂಗ್ ಡೇ ಅಂದರೆ ಹನ್ನೆರಡೂವರೆ ಗಂಟೆ, ಡಿಸೆಂಬರಿನಲ್ಲಿ ಕತ್ತಲಲ್ಲಿ ಹೋಗಿ ಕತ್ತಲಲ್ಲೇ ಬರ್ತೀರಿ. ಮೈ ತೊಳೆಸೋದು, ಕಮೋಡ್ ಕೊಡೋದು ಇಲ್ಲಿ ನರ್ಸಿನ ಕೆಲಸವೂ ಹೌದು, ಅಸಿಸ್ಟೆಂಟ್‌ಗಳಿಗೇ ಬಿಟ್ಟು ಕೂರುವಂತಿಲ್ಲ, ಪಕ್ಕದಲ್ಲಿ ಕೂತ ನೆಂಟರೂ ಇಲ್ಲ. ಇದಕ್ಕೆ ಮುಖ ಸಿಂಡರಿಸಿಕೊಂಡವರು ಉಳಿಯಲಿಲ್ಲ. ಸೆಟಲ್‌ಮೆಂಟಿಗೆ (ಇಲ್ಲಿ ಕಾಯಂ ಆಗಿ ಉಳಿಯುವ ಹಕ್ಕು) ಐದು ವರ್ಷದ ಬದಲು ಹತ್ತು ವರ್ಷ ಮಾಡುವ ಪ್ರಸ್ತಾಪ 2025ರ ಮೇನಲ್ಲಿ ಬಂತು. ಅದನ್ನೂ ಲೆಕ್ಕದಲ್ಲಿಟ್ಟುಕೊಳ್ಳಿ. ಒಳ್ಳೆಯದೂ ಇದೆ: ವಾರಕ್ಕೆ ಮೂರು ನಾಲ್ಕು ದಿನ ಕೆಲಸ, ರಜೆ ಕೇಳಿದರೆ ಯಾರೂ ಕಿರುಚಲ್ಲ, ಕನ್ಸಲ್ಟೆಂಟ್, ಅಂದರೆ ಹಿರಿಯ ಡಾಕ್ಟರೂ ನನ್ನ ಹೆಸರು ಹಿಡಿದು ಮಾತಾಡ್ತಾರೆ. ಇಪ್ಪತ್ತು ವರ್ಷದ ಮೇಲೂ ಇಲ್ಲೇ ಇದ್ದೀನಿ ಅಂದರೆ ಸುಮ್ಮನೆ ಅಲ್ಲವಲ್ಲ.

ಜರ್ಮನಿ ಹೇಗೆ ಅಂತ ಕೊನೆಗೆ ಒಂದು ಸಾಲು ಬರೆದಿದ್ದಿರಿ. ಅಲ್ಲಿಗೆ ಬಿ2 ಮಟ್ಟದ, ಅಂದರೆ ಸರಾಗವಾಗಿ ಮಾತಾಡುವಷ್ಟು, ಜರ್ಮನ್ ಬೇಕು, ಅದು ಶ್ರದ್ಧೆಯಿಂದ ಕೂತರೂ ವರ್ಷದ ಕೆಲಸ. ಭಾಷೆ ಕಲಿಯೋಕೆ ಮನಸ್ಸಿದ್ದರೆ ಖಂಡಿತ ನೋಡಿ. ಎಂಎಸ್ಸಿಗೆ ಸುರಿಯುವ ಹಣದ ಸಣ್ಣ ಪಾಲಿನಲ್ಲಿ ಆಗುತ್ತೆ.

ಎಲ್ಲಿಗೇ ಹೋಗೋದಾದರೂ ಕರ್ನಾಟಕ ನರ್ಸಿಂಗ್ ಕೌನ್ಸಿಲ್ಲಿನ ವೆರಿಫಿಕೇಷನ್ ಬೇಕೇ ಬೇಕು, ಅದಕ್ಕೆ ಓಡಾಡೋಕೆ ಸಮಯ ಇಟ್ಟುಕೊಳ್ಳಿ. ನಿಮ್ಮ ರಿಜಿಸ್ಟ್ರೇಷನ್‌ನಲ್ಲಿರುವ ಹೆಸರು, ಇನಿಷಿಯಲ್ಲು ಪಾಸ್‌ಪೋರ್ಟಿನ ಜೊತೆ ಅಕ್ಷರಶಃ ಹೊಂದುತ್ತಾ ಅಂತ ಈಗಲೇ ನೋಡಿ. ಹೊಂದದಿದ್ದರೆ ತಿದ್ದಿಸುವ ಕೆಲಸ ಈ ವಾರವೇ ಶುರು ಮಾಡಿ.