ಐದು ವರ್ಷಕ್ಕೆ ಎರಡು ಪದವಿ: ಅರ್ಜಿಗೂ ಮೊದಲು ಐದನೆಯ ವರ್ಷದ ಬಗ್ಗೆ ಯೋಚಿಸಿ

ದ್ವಿತೀಯ ಪಿಯು ಫಲಿತಾಂಶ ಬರುವ ಹೊತ್ತಿಗೆ ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ, ಕುಶಾಲನಗರದ ಕಡೆಯಿಂದ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಕಂಪ್ಯೂಟರ್ ಸೈನ್ಸ್‌ನ ಐದು ವರ್ಷದ ಸಂಯುಕ್ತ ಪದವಿಯ ಬಗ್ಗೆ ಪ್ರತಿ ವರ್ಷವೂ ಅವೇ ಪ್ರಶ್ನೆಗಳಿರುತ್ತವೆ, ಅವುಗಳ ಹಿಂದೆ ಅವೇ ತಪ್ಪು ತಿಳಿವಳಿಕೆಗಳೂ ಇರುತ್ತವೆ. ಜೆಇಇ ಎಂದರೇನು, ಅದಕ್ಕೆ ಹೆಸರು ನೋಂದಾಯಿಸುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸುವುದಿಲ್ಲ. ಅಷ್ಟನ್ನು ಕಾಲೇಜಿನ ಉಪನ್ಯಾಸಕರೇ ಹೇಳಬಲ್ಲರು. ಒಂದು ಪ್ರಶ್ನೆಗೆ ಮಾತ್ರ ವಿಸ್ತಾರವಾಗಿ ಉತ್ತರಿಸುತ್ತೇನೆ, ಏಕೆಂದರೆ ಉಳಿದ ಎಷ್ಟೋ ಗೊಂದಲಗಳು ಅದರಿಂದಲೇ ಹುಟ್ಟುತ್ತವೆ.

ಪ್ರಶ್ನೆ: ಮಗಳು ಮಡಿಕೇರಿಯಲ್ಲಿ ದ್ವಿತೀಯ ಪಿಯು ಓದುತ್ತಿದ್ದಾಳೆ, ಗಣಿತದಲ್ಲಿ ಚುರುಕು. ಬಿ.ಟೆಕ್. ಮತ್ತು ಎಂ.ಟೆಕ್. ಎರಡನ್ನೂ ಐದೇ ವರ್ಷದಲ್ಲಿ ಮುಗಿಸಬಹುದು, ಒಂದು ವರ್ಷ ಉಳಿಯುತ್ತದೆ, ರ‍್ಯಾಂಕ್ ಸ್ವಲ್ಪ ಹಿಂದೆ ಬಿದ್ದರೂ ಸೀಟು ಸಿಗುತ್ತದೆ ಎಂದು ನೆಂಟರು ಹೇಳುತ್ತಿದ್ದಾರೆ. ಅರ್ಜಿ ಹಾಕಬಹುದೇ? — ವಿರಾಜಪೇಟೆಯ ತಾಯಿಯೊಬ್ಬರು

ಒಂದು ವರ್ಷ ಉಳಿಯುವುದು ನಿಜ. ಬಿ.ಟೆಕ್.ಗೆ ನಾಲ್ಕು, ಎಂ.ಟೆಕ್.ಗೆ ಎರಡು, ಒಟ್ಟು ಆರು ವರ್ಷ ಹಿಡಿಯುವ ಓದು ಇಲ್ಲಿ ಐದಕ್ಕೆ ಮುಗಿಯುತ್ತದೆ. ಆದರೆ ಎಂ.ಟೆಕ್. ಬೇಕೇ ಬೇಕು ಎನ್ನುವವರಿಗೆ ಮಾತ್ರ ಅದು ಉಳಿತಾಯ. ಬೇಡದವರಿಗೆ ಅದು ಒಂದು ವರ್ಷದ ಹೆಚ್ಚುವರಿ ಶುಲ್ಕ, ಒಂದು ವರ್ಷದ ಹೆಚ್ಚುವರಿ ಹಾಸ್ಟೆಲ್ ಖರ್ಚು, ಒಂದು ವರ್ಷ ತಡವಾಗಿ ಬರುವ ಸಂಬಳ. ಹದಿನೇಳು ವರ್ಷದ ಹುಡುಗಿ ಇನ್ನೂ ಒಂದು ದೊಡ್ಡ ಪ್ರೋಗ್ರಾಮ್ ಬರೆದು ನೋಡುವ ಮೊದಲೇ ಆಕೆಯ ಸ್ನಾತಕೋತ್ತರ ಓದನ್ನು ನೆಂಟರು ನಿರ್ಧರಿಸುವುದು ನನಗೆ ಸರಿ ಕಾಣುವುದಿಲ್ಲ.

ಐದನೆಯ ವರ್ಷದಲ್ಲಿ ಏನಿರುತ್ತದೆ ಎಂದು ಯಾರೂ ಕೇಳುವುದಿಲ್ಲ. ಅಲ್ಲಿ ತರಗತಿಗಳು ಕಡಿಮೆ. ಒಬ್ಬ ಮಾರ್ಗದರ್ಶಕರ ಕೈಕೆಳಗೆ ಒಂದೇ ಸಮಸ್ಯೆಯನ್ನು ಹಿಡಿದು, ಅದರ ಬಗ್ಗೆ ಹಿಂದೆ ಬಂದಿರುವ ಸಂಶೋಧನಾ ಲೇಖನಗಳನ್ನು ಓದಿ, ಪ್ರಯೋಗ ನಡೆಸಿ, ಸೋತು, ಮತ್ತೆ ನಡೆಸಿ, ಕೊನೆಗೆ ಪ್ರಬಂಧ ಬರೆದು ಪರೀಕ್ಷಕರ ಮುಂದೆ ಸಮರ್ಥಿಸಿಕೊಳ್ಳುವ ಕೆಲಸವೇ ಆ ವರ್ಷದ ತಿರುಳು. ಇದರಲ್ಲಿ ಆಸಕ್ತಿ ಇರುವವರಿಗೆ ಇದಕ್ಕಿಂತ ಒಳ್ಳೆಯ ವರ್ಷ ಇನ್ನೊಂದಿಲ್ಲ ಎಂದು ಮನಸಾರೆ ಹೇಳುತ್ತೇನೆ. ಜೊತೆಯವರು ನಾಲ್ಕನೆಯ ವರ್ಷಕ್ಕೇ ಕೆಲಸ ಹಿಡಿದು ಬೆಂಗಳೂರಿಗೆ ಹೊರಟಾಗ, ತನಗೆ ಬೇಡದ ಪ್ರಬಂಧದ ಜೊತೆ ಹಾಸ್ಟೆಲಿನಲ್ಲಿ ಉಳಿಯುವ ವಿದ್ಯಾರ್ಥಿಗೆ ಮಾತ್ರ ಅದು ಶಿಕ್ಷೆ.

ಕ್ಯಾಂಪಸ್‌ಗೆ ಬರುವ ಸಾಫ್ಟ್‌ವೇರ್ ಕಂಪನಿಗಳ ಬಹುಪಾಲು ಹುದ್ದೆಗಳಿಗೆ ಬಿ.ಟೆಕ್. ಸಾಕು. ಪಿಎಚ್.ಡಿ. ಮಾಡಲು ಎಂ.ಟೆಕ್. ಇರಲೇಬೇಕು ಎಂಬ ಮಾತೂ ಹಳೆಯದು: ಯುಜಿಸಿಯ 2022ರ ನಿಯಮದ ಪ್ರಕಾರ ನಾಲ್ಕು ವರ್ಷದ ಪದವಿಯಲ್ಲಿ ಶೇ. 75 ಅಂಕ ಪಡೆದವರು ನೇರವಾಗಿ ಪಿಎಚ್.ಡಿ.ಗೆ ಅರ್ಜಿ ಹಾಕಬಹುದು. ಇನ್ನು ನಾಲ್ಕು ವರ್ಷ ಮುಗಿಸಿ ಗೇಟ್ ಎಂಬ ಎಂ.ಟೆಕ್. ಪ್ರವೇಶ ಪರೀಕ್ಷೆ ಬರೆದು ಎಂ.ಟೆಕ್. ಸೇರುವವರಿಗೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನದ ವ್ಯವಸ್ಥೆ ಇದೆ, ಬೇರೆ ಸಂಸ್ಥೆಯನ್ನೂ ಬೇರೆ ವಿಷಯವನ್ನೂ ಆಯ್ದುಕೊಳ್ಳುವ ಸ್ವಾತಂತ್ರ್ಯವೂ ಇದೆ. ಆರು ವರ್ಷದ ದಾರಿ ಬರೀ ನಷ್ಟದ ದಾರಿ ಎಂದು ಹೇಳುವವರು ಈ ಲೆಕ್ಕವನ್ನು ಹಾಕಿರುವುದಿಲ್ಲ.

ಇಷ್ಟನ್ನು ಮಗಳೊಂದಿಗೆ ಕುಳಿತು ಮಾತನಾಡಿದ ಮೇಲೂ ಆಕೆಗೇ ಬೇಕೆನಿಸಿದರೆ ಅರ್ಜಿಯ ಮಾತಿಗೆ ಬರೋಣ. ಇಲ್ಲಿರುವುದು ಒಂದೇ ಬಾಗಿಲಲ್ಲ. ಐಐಟಿಗಳ ಡ್ಯುಯಲ್ ಡಿಗ್ರಿಗೆ, ಅಂದರೆ ಎರಡೂ ಪದವಿ ಒಟ್ಟಿಗೆ ಕೊಡುವ ಐದು ವರ್ಷದ ಕೋರ್ಸಿಗೆ, ಜೆಇಇ ಅಡ್ವಾನ್ಸ್ಡ್ ರ‍್ಯಾಂಕ್ ಬೇಕು, ಸೀಟು ಹಂಚುವುದು ಜೋಸಾ ಎಂಬ ಕೇಂದ್ರೀಯ ಸೀಟು ಹಂಚಿಕೆ ವ್ಯವಸ್ಥೆ. ಹೈದರಾಬಾದ್ ವಿಶ್ವವಿದ್ಯಾಲಯದ ಐದು ವರ್ಷದ ಎಂ.ಟೆಕ್.ಗೆ ಜೆಇಇ ಮೇನ್ ರ‍್ಯಾಂಕ್ ಸಾಕು. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಸಿಟಿಯಲ್ಲಿರುವ ಮಾಹಿತಿ ತಂತ್ರಜ್ಞಾನ ಸಂಸ್ಥೆ ಐಐಐಟಿ ತನ್ನ ಇಂಟಿಗ್ರೇಟೆಡ್ ಎಂ.ಟೆಕ್.ಗೆ ಜೆಇಇ ಮೇನ್ ಅನ್ನೇ ಆಧಾರವಾಗಿ ಇಟ್ಟುಕೊಂಡರೂ ಜೋಸಾದಲ್ಲಿ ಇಲ್ಲ. ಅದಕ್ಕೆ ಪ್ರತ್ಯೇಕ ಅರ್ಜಿ ಹಾಕಬೇಕು. ಹೈದರಾಬಾದಿನ ಐಐಐಟಿಯೂ ಜೋಸಾದ ಹೊರಗಿದೆ. ಅಲ್ಲಿ ಬಿ.ಟೆಕ್. ಜೊತೆಗೆ ದೊರೆಯುವುದು ಸಂಶೋಧನೆಯ ಮೂಲಕ ಪಡೆಯುವ ಎಂ.ಎಸ್. ಪದವಿ, ಅದಕ್ಕೆ ಯುಜಿಇಇ ಎಂಬ ಅವರದೇ ಪರೀಕ್ಷೆಯಿದ್ದು, ವಿಷಯಜ್ಞಾನಕ್ಕೆ ಒಂದು ಗಂಟೆಯ ಭಾಗವೂ ಸಂಶೋಧನಾ ಮನೋಭಾವಕ್ಕೆ ಎರಡು ಗಂಟೆಯ ಭಾಗವೂ ಇವೆ, ಬಳಿಕ ಸಂದರ್ಶನವೂ ಇದೆ. ಜೋಸಾ ಆರಂಭವಾದಾಗ ಎಲ್ಲವನ್ನೂ ಒಟ್ಟಿಗೆ ನೋಡಿಕೊಳ್ಳೋಣ ಎಂದು ಸುಮ್ಮನಿದ್ದವರು ಈ ಎರಡು ಸಂಸ್ಥೆಗಳ ಗಡುವನ್ನು ಕಳೆದುಕೊಂಡು ನನಗೆ ಪತ್ರ ಬರೆಯುತ್ತಾರೆ. ಆಗ ನಾನು ಮಾಡಬಹುದಾದದ್ದು ಏನೂ ಇರುವುದಿಲ್ಲ.

ರ‍್ಯಾಂಕ್ ಹಿಂದೆ ಬಿದ್ದರೂ ಸೀಟು ಸಿಗುತ್ತದೆ ಎಂಬ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಅದೇ ಐಐಟಿಯ ಅದೇ ವಿಭಾಗದಲ್ಲಿ ಐದು ವರ್ಷದ ಸೀಟು ಸಾಮಾನ್ಯವಾಗಿ ನಾಲ್ಕು ವರ್ಷದ ಸೀಟಿಗಿಂತ ತುಸು ಹಿಂದಿನ ರ‍್ಯಾಂಕಿಗೆ ಮುಗಿಯುತ್ತದೆ. ಆ ವ್ಯತ್ಯಾಸಕ್ಕಾಗಿಯೇ ಸೇರಿ, ಆಮೇಲೆ ನಾಲ್ಕು ವರ್ಷಕ್ಕೆ ಬಿ.ಟೆಕ್. ಪಡೆದು ಹೊರಬಂದರಾಯಿತು ಎಂದು ಯಾರಾದರೂ ಸಲಹೆ ಕೊಟ್ಟರೆ ದಯವಿಟ್ಟು ನಂಬಬೇಡಿ. ಹಾಗೆ ಹೊರಬರಲು ಅವಕಾಶ ಇದೆಯೇ, ಇದ್ದರೆ ಯಾವ ಷರತ್ತಿನ ಮೇಲೆ ಎಂಬುದು ಸಂಸ್ಥೆಯಿಂದ ಸಂಸ್ಥೆಗೆ ಬೇರೆ. ಆ ಸಂಸ್ಥೆಯ ಸ್ನಾತಕ ನಿಯಮಾವಳಿಯಲ್ಲಿ ಅದು ಬರೆದಿರುತ್ತದೆ. ಕಣ್ಣಾರೆ ಓದದೆ ಸೀಟು ಒಪ್ಪಿಕೊಳ್ಳಬಾರದು. ಇದಕ್ಕೆ ತದ್ವಿರುದ್ಧವಾದ ದಾರಿ ಎಷ್ಟೋ ಸುರಕ್ಷಿತ. ನಾಲ್ಕು ವರ್ಷದ ಬಿ.ಟೆಕ್. ಸೇರಿದವರಿಗೆ ಮೂರನೆಯ ವರ್ಷದ ಆಸುಪಾಸಿನಲ್ಲಿ ಡ್ಯುಯಲ್ ಡಿಗ್ರಿಗೆ ಬದಲಾಗಲು ಹಲವು ಐಐಟಿಗಳು ಅವಕಾಶ ಕೊಡುತ್ತವೆ. ಮದ್ರಾಸ್ ಐಐಟಿಯಲ್ಲಿ ಬೇರೆ ವಿಭಾಗದ ಬಿ.ಟೆಕ್. ವಿದ್ಯಾರ್ಥಿಗಳೂ ಡೇಟಾ ಸೈನ್ಸ್‌ನಂಥ ಅಂತರಶಾಸ್ತ್ರೀಯ ಡ್ಯುಯಲ್ ಡಿಗ್ರಿಗೆ ಹೋಗಬಹುದು. ಮನಸ್ಸಿನಲ್ಲಿ ಅನುಮಾನವಿದ್ದರೆ ಜೋಸಾದ ಆಯ್ಕೆಪಟ್ಟಿಯಲ್ಲಿ ನಾಲ್ಕು ವರ್ಷದ್ದನ್ನು ಮೇಲೆ ಬರೆಯಿರಿ, ಐದು ವರ್ಷದ್ದನ್ನು ಕೆಳಗೆ ಬರೆಯಿರಿ. ಇದು ನನ್ನ ಸ್ವಂತ ಎಚ್ಚರಿಕೆ. ಅತಿಯಾಯಿತು ಎನಿಸಿದರೂ ಅದನ್ನು ಸಡಿಲಿಸಲಾರೆ.

ಈ ಪಟ್ಟಿಯನ್ನು ತುಂಬುವ ಆಪ್ಷನ್ ಎಂಟ್ರಿಯ ಬಗ್ಗೆ ಊರೂರಲ್ಲಿ ಹಬ್ಬಿರುವ ಒಂದು ಸುಳ್ಳನ್ನು ಇಲ್ಲಿಯೇ ತೊಡೆದುಹಾಕಬೇಕು. ಕೈಗೆಟುಕದ ಸಂಸ್ಥೆಗಳನ್ನು ಮೇಲೆ ಬರೆದರೆ ಎಟುಕುವ ಸೀಟು ಬೇರೆಯವರ ಪಾಲಾಗುತ್ತದೆ ಎಂದು ಕೆಲವು ಕೋಚಿಂಗ್ ಕೇಂದ್ರದವರೂ ಹೇಳಿಕೊಡುತ್ತಾರೆ. ಜೋಸಾದ ಹಂಚಿಕೆ ಹಾಗೆ ನಡೆಯುವುದೇ ಇಲ್ಲ. ನಿಮ್ಮ ಪಟ್ಟಿಯನ್ನು ಮೇಲಿನಿಂದ ನೋಡುತ್ತಾ ಬಂದು, ನಿಮ್ಮ ರ‍್ಯಾಂಕಿಗೆ ದಕ್ಕುವ ಮೊದಲ ಆಯ್ಕೆಯನ್ನು ಅದು ಕೊಡುತ್ತದೆ. ಹತ್ತನೆಯ ಆಯ್ಕೆಯನ್ನು ನೋಡುವಾಗ ಮೇಲಿನ ಒಂಬತ್ತು ತಪ್ಪಿದ್ದಕ್ಕೆ ಯಾವ ದಂಡವೂ ಇಲ್ಲ, ಅದೇ ಸೀಟನ್ನು ಮೊದಲ ಆಯ್ಕೆಯಾಗಿ ಬರೆದವರ ರ‍್ಯಾಂಕ್ ನಿಮಗಿಂತ ಹಿಂದಿದ್ದರೆ ಸೀಟು ನಿಮ್ಮದೇ. ಆದ್ದರಿಂದ ಮನಸ್ಸಿನಲ್ಲಿರುವ ಕ್ರಮದಲ್ಲಿಯೇ ಬರೆಯಿರಿ. ಪ್ರತಿ ಸಾಲನ್ನೂ ಕೊನೆಯವರೆಗೆ ಓದಿರಿ: ‘ಕಂಪ್ಯೂಟರ್ ಸೈನ್ಸ್ ಅಂಡ್ ಎಂಜಿನಿಯರಿಂಗ್’ ಎಂಬ ಹೆಸರಿನ ಮುಂದೆ ಆವರಣದಲ್ಲಿ ‘4 ವರ್ಷ’ ಅಥವಾ ‘5 ವರ್ಷ’ ಎಂದಿರುತ್ತದೆ. ಗೋಣಿಕೊಪ್ಪದ ಕಡೆಯ ಹುಡುಗನೊಬ್ಬ ಮೊಬೈಲಿನ ಸಣ್ಣ ಪರದೆಯಲ್ಲಿ ಆವರಣದ ಭಾಗ ಕೆಳಗಿನ ಸಾಲಿಗೆ ಹೋಗಿದ್ದುದನ್ನು ಗಮನಿಸದೆ ಐದು ವರ್ಷದ ಕೋರ್ಸನ್ನೇ ಮೇಲೆ ಬರೆದು, ಸೀಟು ಸಿಕ್ಕ ಮೇಲೆ ಶುಲ್ಕದ ವಿವರ ನೋಡುವಾಗ ಅದನ್ನು ಕಂಡುಕೊಂಡ. ಕಂಪ್ಯೂಟರಿನ ಮುಂದೆ ಕುಳಿತು, ಪಟ್ಟಿಯನ್ನು ಮುದ್ರಿಸಿ, ಮನೆಯ ಇನ್ನೊಬ್ಬರಿಂದ ಗಟ್ಟಿಯಾಗಿ ಓದಿಸಿದ ಮೇಲೆ ಲಾಕ್ ಮಾಡಿ.

ಜೋಸಾದ ಸುತ್ತುಗಳು ನಡೆಯುವುದು ಮಳೆಗಾಲದಲ್ಲಿ. ಸೀಟು ಬಂದ ಕೆಲವೇ ದಿನಗಳಲ್ಲಿ ಹಣ ಕಟ್ಟಿ ದಾಖಲೆಗಳನ್ನು ಅಪ್‌ಲೋಡ್ ಮಾಡಬೇಕು, ಪರಿಶೀಲನಾಧಿಕಾರಿ ಆಕ್ಷೇಪ ಎತ್ತಿದರೆ ಗಡುವಿನೊಳಗೆ ಉತ್ತರಿಸಬೇಕು. ಉತ್ತರಿಸದಿದ್ದರೆ ಸೀಟು ರದ್ದಾಗುತ್ತದೆ. ಮರ ಬಿದ್ದು ಕರೆಂಟು ಹೋಯಿತು, ಟವರ್ ಸತ್ತುಹೋಗಿತ್ತು ಎಂಬ ಕಾರಣ ಅಲ್ಲಿ ನಡೆಯುವುದಿಲ್ಲ. ಭಾಗಮಂಡಲ, ನಾಪೋಕ್ಲು, ಶಾಂತಳ್ಳಿಯಂಥ ಕಡೆಯವರು ಆ ವಾರಗಳಲ್ಲಿ ವಿದ್ಯಾರ್ಥಿಯನ್ನು ಮೈಸೂರಿನಲ್ಲಿಯೋ ಕುಶಾಲನಗರದಲ್ಲಿಯೋ ಇರುವ ನೆಂಟರ ಮನೆಯಲ್ಲಿ ಇರಿಸುವುದೇ ಕ್ಷೇಮ. ದಾಖಲೆಗಳನ್ನು ಮೇ ತಿಂಗಳಲ್ಲಿಯೇ ಸ್ಕ್ಯಾನರಿನಲ್ಲಿ ಸ್ಕ್ಯಾನ್ ಮಾಡಿಸಿಡಿ. ಅಡುಗೆಮನೆಯ ಮೇಜಿನ ಮೇಲಿಟ್ಟು ಮೊಬೈಲಿನಲ್ಲಿ ತೆಗೆದ, ಅರ್ಧ ನೆರಳು ಬಿದ್ದ ಅಂಕಪಟ್ಟಿಯ ಚಿತ್ರಕ್ಕೆ ಆಕ್ಷೇಪ ಬರುವುದು ಖಂಡಿತ.

ಪ್ರಶ್ನೆ: ನಮಗೆ ಕಾಫಿ ತೋಟ ಬಿಟ್ಟರೆ ಬೇರೆ ಆದಾಯವಿಲ್ಲ, ಬೆಲೆ ಬಿದ್ದ ವರ್ಷ ಕೈಗೆ ಏನೂ ಉಳಿಯುವುದಿಲ್ಲ. ಮಗನಿಗೆ ಆರ್ಥಿಕವಾಗಿ ಹಿಂದುಳಿದವರ ಮೀಸಲಾತಿ ಸಿಗುತ್ತದೆಯೇ? — ಸೋಮವಾರಪೇಟೆ ತಾಲೂಕಿನ ಬೆಳೆಗಾರರು

ಈ ಮೀಸಲಾತಿಗೆ ವರ್ಷದ ಆದಾಯ 8 ಲಕ್ಷ ರೂಪಾಯಿಗಿಂತ ಕಡಿಮೆ ಇದ್ದರೆ ಸಾಲದು. ಕುಟುಂಬಕ್ಕೆ 5 ಎಕರೆ ಅಥವಾ ಅದಕ್ಕಿಂತ ಹೆಚ್ಚು ಕೃಷಿ ಭೂಮಿ ಇದ್ದರೆ ಆದಾಯ ಎಷ್ಟೇ ಕಡಿಮೆಯಿದ್ದರೂ ಅರ್ಹತೆ ಇಲ್ಲ. ಕಾಫಿ ತೋಟ ಕೃಷಿ ಭೂಮಿಯಲ್ಲ ಎಂದು ವಾದಿಸಿ ಪ್ರಮಾಣಪತ್ರ ಮಾಡಿಸಿಕೊಡುತ್ತೇವೆ ಎನ್ನುವವರನ್ನು ದೂರವಿಡಿ. ಪಹಣಿಯಲ್ಲಿ ಇರುವುದನ್ನೆಲ್ಲ ತಹಶೀಲ್ದಾರರ ಮುಂದಿಟ್ಟು ಅವರ ತೀರ್ಮಾನ ಪಡೆಯಿರಿ, ಏಕೆಂದರೆ ವಿಷಯ ಮುಚ್ಚಿಟ್ಟು ಪಡೆದ ಪತ್ರ ಓದಿನ ಯಾವ ವರ್ಷದಲ್ಲಿ ಬಯಲಾದರೂ ಸೀಟು ಹೋಗುತ್ತದೆ. ಕುಟುಂಬದ ಸಾಂಪ್ರದಾಯಿಕ ಜಮೀನಾದ ಜಮ್ಮಾ ಬಾಣೆ ಪಟ್ಟೇದಾರರ (ಕುಟುಂಬದ ಹಿರಿಯರ) ಹೆಸರಿನಲ್ಲಿದ್ದು ನಿಮ್ಮ ಪಾಲು ಬೇರೆಯಾಗಿ ದಾಖಲಾಗದಿದ್ದರೆ ಇದಕ್ಕೆ ಸಮಯ ಹಿಡಿಯುತ್ತದೆ. ಜೂನ್ ತಿಂಗಳಲ್ಲಿ ನಾಡಕಚೇರಿಗೆ ಓಡಿದರೆ ಆಗುವ ಕೆಲಸವಲ್ಲ.

ಇತರ ಹಿಂದುಳಿದ ವರ್ಗದವರಿಗೂ ಒಂದು ಮಾತು. ರಾಜ್ಯದ ಪಟ್ಟಿಯ 2ಎ, 3ಎ ಪ್ರಮಾಣಪತ್ರ ಜೋಸಾದಲ್ಲಿ ನಡೆಯುವುದಿಲ್ಲ; ನಿಮ್ಮ ಜಾತಿ ಕೇಂದ್ರದ ಪಟ್ಟಿಯಲ್ಲಿ ಇರಬೇಕು, ಪತ್ರ ಕೇಂದ್ರದ ನಮೂನೆಯಲ್ಲಿ, ಆ ವರ್ಷದ ಏಪ್ರಿಲ್ 1ರಂದು ಅಥವಾ ಅದರ ನಂತರ ಪಡೆದದ್ದಾಗಿರಬೇಕು. ಕೆನೆಪದರವನ್ನು, ಅಂದರೆ ಮೀಸಲಾತಿಯಿಂದ ಹೊರಗುಳಿಯುವ ಸ್ಥಿತಿವಂತರನ್ನು ಗುರುತಿಸುವಾಗ ಸಾಮಾನ್ಯ ಕೃಷಿ ಆದಾಯವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲವಾದರೂ, ಕಾಫಿ, ಚಹಾ, ರಬ್ಬರ್ ತೋಟಗಳಿಗೆ ಆದಾಯದ ಮಿತಿ ಅನ್ವಯಿಸುತ್ತದೆ ಎಂದು ಕೇಂದ್ರದ 1993ರ ಆದೇಶದಲ್ಲಿಯೇ ಇದೆ. ಕೊಡಗಿನವರು ಇದನ್ನು ತಿಳಿಯದೆ ಮೈಸೂರು, ಮಂಡ್ಯದ ಗದ್ದೆಯವರ ಉದಾಹರಣೆ ನೋಡಿಕೊಂಡು ಅರ್ಜಿ ಬರೆಯಬಾರದು.

ಪ್ರಶ್ನೆ: ಪಿಯುನಲ್ಲಿ ಕಂಪ್ಯೂಟರ್ ಸೈನ್ಸ್ ಬದಲು ಜೀವಶಾಸ್ತ್ರ ತೆಗೆದುಕೊಂಡಿದ್ದೇನೆ. ಅರ್ಹತೆ ಇದೆಯೇ?

ಇದೆ.

ಪ್ರಶ್ನೆ: ಸಿಇಟಿಯಲ್ಲಿ ಸಿಗುವ ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಮೀಸಲಾತಿ ಐಐಟಿಯಲ್ಲೂ ಸಿಗುತ್ತದೆಯೇ?

ಸಿಗುವುದಿಲ್ಲ. ಜೆಇಇ ಮೇನ್ ಪ್ರಶ್ನೆಪತ್ರಿಕೆ ಕನ್ನಡದಲ್ಲಿಯೂ ದೊರೆಯುತ್ತದೆ, ಅಡ್ವಾನ್ಸ್ಡ್ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಕನ್ನಡ ಮಾಧ್ಯಮದಿಂದ ಬಂದವರು ಇದನ್ನು ತಿಳಿದು ಪ್ರಥಮ ಪಿಯುನಿಂದಲೇ ಎರಡೂ ಭಾಷೆಯ ಪಾರಿಭಾಷಿಕ ಪದಗಳನ್ನು ರೂಢಿಸಿಕೊಳ್ಳಬೇಕು.

ಪ್ರಶ್ನೆ: ಬೆಂಗಳೂರಿನ ಏಜೆಂಟರೊಬ್ಬರು ಐಐಟಿಯ ಐದು ವರ್ಷದ ಕೋರ್ಸಿನಲ್ಲಿ ಮ್ಯಾನೇಜ್‌ಮೆಂಟ್ ಸೀಟು ಇದೆ, ಮುಂಗಡ ಕೊಡಿ ಎನ್ನುತ್ತಿದ್ದಾರೆ.

ಐಐಟಿಯಲ್ಲಿ ಮ್ಯಾನೇಜ್‌ಮೆಂಟ್ ಸೀಟು ಎಂಬುದೇ ಇಲ್ಲ. ಇದು ಮೋಸ. ಒಂದು ರೂಪಾಯಿಯನ್ನೂ ಕೊಡಬೇಡಿ, ಕೊಟ್ಟಿದ್ದರೆ ಇಂದೇ ಪೊಲೀಸ್ ಠಾಣೆಗೆ ಹೋಗಿ. ತೋಟ ಅಡವಿಟ್ಟು ಇಂಥವರ ಕೈಗೆ ಹಣ ಸುರಿದ ಕುಟುಂಬಗಳ ಸಂಕಟವನ್ನು ನೋಡಿದ ಮೇಲೂ ಈ ಪ್ರಶ್ನೆಯನ್ನು ಮೃದುವಾಗಿ ಉತ್ತರಿಸುವುದು ನನ್ನಿಂದಾಗದು.

ಪ್ರಶ್ನೆ: ಮದ್ರಾಸ್ ಐಐಟಿಯ ಆನ್‌ಲೈನ್ ಬಿ.ಎಸ್. ಪದವಿಯೂ ಇದೇ ತಾನೇ?

ಅಲ್ಲ. ಅದಕ್ಕೆ ಜೆಇಇ ಬೇಕಿಲ್ಲ, ಅದು ಬಿ.ಟೆಕ್. ಪದವಿಯೂ ಅಲ್ಲ. ಶ್ರದ್ಧೆಯಿಂದ ಓದುವವರಿಗೆ ಒಳ್ಳೆಯ ಕೋರ್ಸ್. ಆದರೆ ಎರಡನ್ನೂ ಒಂದೇ ಎಂದು ಹೇಳಿ ಸೇರಿಸುವವರು ನಿಮ್ಮನ್ನು ದಾರಿ ತಪ್ಪಿಸುತ್ತಿದ್ದಾರೆ.

ಪ್ರಶ್ನೆ: ಪೊನ್ನಂಪೇಟೆಯಲ್ಲಿ ಬಿ.ಇ. ಎರಡನೆಯ ವರ್ಷ ಓದುತ್ತಿದ್ದೇನೆ. ಅಮೆರಿಕದ ವಿಶ್ವವಿದ್ಯಾಲಯಗಳ ಐದು ವರ್ಷದ ಬಿ.ಎಸ್. ಮತ್ತು ಎಂ.ಎಸ್. ಕೋರ್ಸಿಗೆ ಇಲ್ಲಿಂದ ಅರ್ಜಿ ಹಾಕಬಹುದೇ?

ಅಂಥ ಕೋರ್ಸುಗಳು ಬಹುಮಟ್ಟಿಗೆ ಆಯಾ ವಿಶ್ವವಿದ್ಯಾಲಯದಲ್ಲಿ ಈಗಾಗಲೇ ಸ್ನಾತಕ ಪದವಿ ಓದುತ್ತಿರುವವರಿಗೆ ಮಾತ್ರ. ಎಂಐಟಿಯ ಕಂಪ್ಯೂಟರ್ ಸೈನ್ಸ್ ವಿಭಾಗದ ಎಂ.ಎಂಜಿ. (ಮಾಸ್ಟರ್ ಆಫ್ ಎಂಜಿನಿಯರಿಂಗ್) ಅಲ್ಲಿನ ಸ್ನಾತಕ ವಿದ್ಯಾರ್ಥಿಗಳಿಗಷ್ಟೇ ಮೀಸಲು. ಸ್ನಾತಕ ಓದಿನ ಜೊತೆಗೇ ಸ್ನಾತಕೋತ್ತರ ಓದನ್ನೂ ನಡೆಸುವ ಸ್ಟ್ಯಾನ್‌ಫರ್ಡ್‌ನ ಕೋಟರ್ಮಿನಲ್ ಪದ್ಧತಿಯೂ ತನ್ನ ಸ್ನಾತಕ ವಿದ್ಯಾರ್ಥಿಗಳಿಗಾಗಿಯೇ ಇರುವಂಥದ್ದು. ನೀವು ಬಿ.ಇ. ಮುಗಿಸಿ, ಬೇರೆ ಎಲ್ಲರಂತೆ ಎಂ.ಎಸ್.ಗೆ ಅರ್ಜಿ ಹಾಕಬೇಕು. ಇನ್ನೆರಡು ವರ್ಷದಲ್ಲಿ ನಿಮ್ಮ ಕೆಲಸವನ್ನು ಹತ್ತಿರದಿಂದ ನೋಡಿ ಶಿಫಾರಸು ಪತ್ರ ಬರೆಯಬಲ್ಲ ಇಬ್ಬರು ಅಧ್ಯಾಪಕರ ಬಳಿ ಒಂದೊಂದು ಪ್ರಾಜೆಕ್ಟ್ ಮಾಡಿ, ಅದನ್ನು ಪೂರ್ತಿ ಮುಗಿಸಿ.